ಸ್ಥಿರತೆ 72 ಅಂತ ಹೇಳಿದ್ದು ಯಾರು?

ನಮ್ಮ ಕಂಪ್ಯೂಟರ್ ಆಟದ ಮೊದಲ ಮಾದರಿ ತಯಾರಾದಾಗ ಹುಬ್ಬಳ್ಳಿಯ ನಮ್ಮ ಪುಟ್ಟ ಆಫೀಸಿಗೆ ಐದಾರು ಜನರನ್ನು ಆಡಲು ಕರೆದಿದ್ದೆವು. ಹೆಚ್ಚಿನವರು ಇಂಜಿನಿಯರಿಂಗ್ ಓದುವ ಹುಡುಗರು. ಒಬ್ಬರು ಮಾತ್ರ ನಮ್ಮ ಕಟ್ಟಡದ ಮಾಲೀಕರು, ನಿವೃತ್ತ ತಹಶೀಲ್ದಾರರು. ಚಹಾ ಕುಡಿಯಲು ಬಂದವರು ಹಾಗೇ ಕೂತುಬಿಟ್ಟರು. ಅದು ದೇಶ ಆಳುವ ಆಟ. ಪರದೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ, ಅದರ ಮೇಲೆ ‘ಸ್ಥಿರತೆ 72’. ಸಾಹೇಬರು ಅದನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು: “ತಮ್ಮಾ, ಈ ಎಪ್ಪತ್ತೆರಡು ಅನ್ನೋದನ್ನ ನಿನಗ ಯಾರ ಹೇಳ್ಯಾರ?”

“ಕಂಪ್ಯೂಟರ್ ಲೆಕ್ಕಾ ಮಾಡ್ತೈತ್ರಿ ಸರ್” ಅಂದೆ.

“ಅದಕ್ಕ ಯಾರ ಹೇಳ್ಯಾರ?”

ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಪಟ್ಟಿಯ ಗತಿ ಏನಾಯಿತು ಹೇಳಬೇಕು.

ಸ್ಥಿರತೆಯನ್ನು ಒಂದೇ ಸಂಖ್ಯೆಯಲ್ಲಿ ತೋರಿಸುವುದು ಈ ಜಾತಿಯ ಆಟಗಳಲ್ಲಿ ಹಳೆಯ ರೂಢಿ. ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ಅದು ಮೈನಸ್ 3ರಿಂದ ಪ್ಲಸ್ 3ರವರೆಗೆ ಓಡಾಡುತ್ತದೆ. ಹಾರ್ಟ್ಸ್ ಆಫ್ ಐರನ್ 4ರಲ್ಲಿ ಶೇಕಡಾ ಲೆಕ್ಕ. ಆಡುವವರಿಗೆ ಕಂಡ ಕೂಡಲೇ ಅರ್ಥವಾಗುತ್ತದೆ, ಅದು ದೊಡ್ಡ ಅನುಕೂಲ. ನಾವೂ ಹಾಗೇ ಮಾಡಿದ್ದೆವು. ನಮ್ಮ ಆಟದಲ್ಲಿ ಒಂದು ಪಾಳಿ ಅಂದರೆ ಮೂರು ತಿಂಗಳು. ತೆರಿಗೆ ಏರಿಸಿದರೆ ಪಟ್ಟಿ ಇಳಿಯುತ್ತದೆ, ಜಾತ್ರೆ ಮಾಡಿಸಿದರೆ ಏರುತ್ತದೆ. ಒಬ್ಬ ಹುಡುಗ ಮಧ್ಯಾಹ್ನದೊಳಗೆ ಇದರ ಗುಟ್ಟು ಹಿಡಿದ. ತೆರಿಗೆ ಶೇ 60 ಮಾಡಿದ, ಎರಡು ಪಾಳಿಗೊಮ್ಮೆ ಜಾತ್ರೆ ಮಾಡಿಸಿದ. ಅಲ್ಲಿ 8 ಇಳಿಯಿತು, ಇಲ್ಲಿ 10 ಏರಿತು. 200 ವರ್ಷ ಆರಾಮಾಗಿ ಆಳಿದ. ಅವನ ದೇಶದಲ್ಲಿ ಯಾರಿಗೂ ಊಟ ಇರಲಿಲ್ಲ, ತೇರು ಮಾತ್ರ ನಿಲ್ಲಲಿಲ್ಲ.

ತಪ್ಪು ಅವನದಲ್ಲ. ಎಲ್ಲರ ಸಿಟ್ಟನ್ನೂ ಒಂದೇ ಡಬ್ಬಿಗೆ ಹಾಕಿದವರು ನಾವು. ರೈತನ ಸಿಟ್ಟಿಗೆ ಸೈನಿಕನ ಖುಷಿಯನ್ನು ವಜಾ ಹಾಕಿಕೊಳ್ಳಬಹುದು ಅಂತ ಆಟವೇ ಅವನಿಗೆ ಹೇಳಿಕೊಟ್ಟಿತ್ತು.

ದಾರಿ ಸಿಕ್ಕಿದ್ದು ನನ್ನ ಸೋದರಮಾವನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಕೆಂಪು ರಟ್ಟಿನ ಉದ್ದನೆ ಪುಸ್ತಕ. ಮಾವ ಒಟ್ಟು ಬಾಕಿ ಎಷ್ಟು ಅಂತ ಕೂಡಿಸಿದ್ದನ್ನು ನಾನು ನೋಡಿಲ್ಲ. ಯಾರದು, ಎಷ್ಟು, ಯಾವಾಗಿನಿಂದ, ಇಷ್ಟನ್ನೇ ನೋಡುತ್ತಿದ್ದ. ಸರ್ಕಾರವೂ ಉದ್ರಿ ಮೇಲೆ ನಡೆಯುವ ಸಂಸಾರವೇ ಅಲ್ವಾ? ಹಾಗಾಗಿ ಈಗ ನಮ್ಮ ಆಟದಲ್ಲಿ ಸ್ಥಿರತೆಯ ಪಟ್ಟಿ ಇಲ್ಲ, ಒಂದು ಖಾತೆ ಇದೆ. ರೈತರು, ವ್ಯಾಪಾರಸ್ಥರು, ಸೈನಿಕರು, ನೌಕರರು, ಮಠಗಳು, ಕೂಲಿಯವರು ಹೀಗೆ ಪ್ರತಿ ಗುಂಪಿಗೂ ಒಂದು ಹಾಳೆ. ಕೊಟ್ಟ ಮಾತು, ಅದರ ಗಡುವು, ಎಷ್ಟು ಪಾಳಿ ತಡವಾಗಿದೆ ಅನ್ನೋದು ಅದರಲ್ಲಿರುತ್ತದೆ. ರೈತರ ಬಾಕಿಯನ್ನು ರೈತರಿಗೇ ತೀರಿಸಬೇಕು. ಜಾತ್ರೆ ಈಗಲೂ ಇದೆ, ಆದರೆ ಅದು ಬಾಕಿ ತೀರಿಸುವುದಿಲ್ಲ. ಗಡುವನ್ನು ಒಂದು ಪಾಳಿ ಮುಂದೂಡುತ್ತದೆ, ಅಷ್ಟೇ.

ಬಾಕಿ ಹೇಗೆ ಹುಟ್ಟುತ್ತದೆ ಅನ್ನೋದೇ ಕಷ್ಟದ ಭಾಗ. ಮೊದಲು ‘ಕೊರತೆ ಇದ್ದರೆ ಸಿಟ್ಟು’ ಅಂತ ಬರೆದಿದ್ದೆವು. ಅದು ಸುಳ್ಳು ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬರುವ ದಿನ ಗೊತ್ತಿದ್ದರೆ ಜನ ಸಿಂಟೆಕ್ಸ್ ತುಂಬಿಸಿಕೊಂಡು ಸುಮ್ನೆ ಇರುತ್ತಾರೆ. ಅವತ್ತು ಬರಲಿಲ್ಲವೋ, ಸಂಜೆಯೊಳಗೆ ಖಾಲಿ ಕೊಡ ಬೀದಿಗೆ ಬರುತ್ತವೆ. ಸಿಟ್ಟು ಹುಟ್ಟುವುದು ನಂಬಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರದಲ್ಲಿ. ಅದಕ್ಕೇ ನಮ್ಮ ಲೆಕ್ಕದಲ್ಲಿ ‘ನಿರೀಕ್ಷೆ’ ಅಂತ ಬೇರೆ ಒಂದು ಅಂಕಿ ಇದೆ. ಒಳ್ಳೆಯದು ಸಿಕ್ಕರೆ ಅದು ಬೇಗ ಏರುತ್ತದೆ, ಇಳಿಯುವುದು ನಿಧಾನ. ಹತ್ತು ಪಾಳಿ ದಿನಾ ನೀರು ಕೊಟ್ಟು ಆಮೇಲೆ ದಿನ ಬಿಟ್ಟು ದಿನ ಮಾಡಿದರೆ, ಮೊದಲಿನಿಂದಲೂ ವಾರಕ್ಕೊಮ್ಮೆ ಕೊಟ್ಟ ಸರ್ಕಾರಕ್ಕಿಂತ ನಿಮ್ಮ ಖಾತೆಯಲ್ಲೇ ಬಾಕಿ ಜಾಸ್ತಿ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿದು ಬೆಂಕಿ ಬಿತ್ತಲ್ಲ, ಆಗಲೂ ರೈತರು ಅಳೆದದ್ದು ಅದಕ್ಕೂ ಮುಂಚಿನ ದರದಿಂದ.

ಖಾತೆಯ ಪದ್ಧತಿ ನಿಜವಾಗಿ ನಿಂತಿದ್ದು ನರಗುಂದದ ಮೇಲೆ. ಮಲಪ್ರಭಾ ಅಚ್ಚುಕಟ್ಟಿನ ರೈತರಿಂದ ನೀರಿನ ಕರದ ಜೊತೆ ಬೆಟರ್‌ಮೆಂಟ್ ಲೆವಿ ಕೇಳಿದರು. ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಅದರಲ್ಲಿ ಪಾಲು ಕೊಡಿ ಅನ್ನೋ ಕರ ಅದು. ಕಾಗದದ ಮೇಲೆ ನ್ಯಾಯವೇ. ಆದರೆ ನೀರು ಸರಿಯಾಗಿ ತಲುಪದ ಹೊಲಕ್ಕೂ ನೋಟಿಸ್ ತಲುಪಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ಜೀವಗಳು ಹೋದವು. ಆಟ ಮಾಡುವವನಾಗಿ ನಾನು ನೋಡುವುದು ಆಮೇಲೆ ಆದದ್ದನ್ನು. ಗುಂಡೂರಾವ್ ಸರ್ಕಾರ ಮರುದಿನ ಬೀಳಲಿಲ್ಲ, ಮರುವರ್ಷವೂ ಬೀಳಲಿಲ್ಲ. ಆದರೆ ಅದೇ ವರ್ಷ ರೈತ ಸಂಘ ಹುಟ್ಟಿತು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ರಾಮಕೃಷ್ಣ ಹೆಗಡೆಯವರ ಕೈಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಸೋಲಿಗೆ ಕಾರಣ ಇದೊಂದೇ ಅಲ್ಲ. ಆದರೂ ನಮ್ಮ ಹಸಿರು ಪಟ್ಟಿಯಲ್ಲಾಗಿದ್ದರೆ ಜುಲೈ 21ಕ್ಕೆ 15 ಅಂಕ ಇಳಿದು, ಎರಡು ಜಾತ್ರೆಯಲ್ಲಿ ಮೊದಲಿನಂತಾಗಿ, 1983ರ ಹೊತ್ತಿಗೆ ಅದರ ಗುರುತೂ ಉಳಿಯುತ್ತಿರಲಿಲ್ಲ.

ಇದರಿಂದ ಎರಡು ನಿಯಮ ಬಂದವು. ಒಂದು, ಎಂಟು ಪಾಳಿ ತೀರದ ಬಾಕಿ ಖಾತೆಯಿಂದ ಎದ್ದು ಹೊರಗೆ ಬರುತ್ತದೆ. ಅದಕ್ಕೊಂದು ಹೆಸರು, ಒಬ್ಬ ನಾಯಕ, ಒಂದು ಬೇಡಿಕೆ ಪಟ್ಟಿ ಸಿಗುತ್ತದೆ. ಆಮೇಲೆ ಮೂಲ ಬಾಕಿ ತೀರಿಸಿದರೂ ಆ ಸಂಘಟನೆ ಮನೆಗೆ ಹೋಗುವುದಿಲ್ಲ. ಎರಡು, ಬಂಡು ನಡೆದ ದಿನವೇ ಸರ್ಕಾರ ಬೀಳಬೇಕಾಗಿಲ್ಲ. ವಸೂಲಿಗೆ ಒಂದು ದಿನ ಅಂತ ಇರುತ್ತದೆ. ಆ ದಿನ ಯಾವುದು ಅನ್ನೋದನ್ನು ಆಳುವ ಪದ್ಧತಿ ನಿರ್ಧರಿಸುತ್ತದೆ.

ಆಳುವ ಪದ್ಧತಿ ಅಂದಾಗ ಬಹಳ ಆಟಗಳು ಟೋಪಿ ಬದಲಾಯಿಸುತ್ತವೆ. ರಾಜನ ಟೋಪಿ ಹಾಕಿದರೆ ಸೈನ್ಯಕ್ಕೆ ಶೇ 10 ಜಾಸ್ತಿ, ಪ್ರಜಾಪ್ರಭುತ್ವದ ಟೋಪಿಗೆ ವ್ಯಾಪಾರ ಶೇ 10 ಜಾಸ್ತಿ. ನನಗೆ ಇದು ಸೋಮಾರಿ ಕೆಲಸ ಅನಿಸುತ್ತದೆ. ನಾವು ಕೇಳಿಕೊಂಡದ್ದು ಬೇರೆ: ಅಪಾಯ ಯಾವ ದಿನ ಬಂದು ಕೂರುತ್ತದೆ? ರಾಜರ ಆಳ್ವಿಕೆಯಲ್ಲಿ ಮೂವತ್ತು ವರ್ಷ ಏನೂ ಆಗದೆ ಇರಬಹುದು. ವಾರಸುದಾರ ಯಾರು ಅನ್ನೋ ಪ್ರಶ್ನೆ ಎದ್ದಾಗ ಎಲ್ಲ ಬಾಕಿಯೂ ಒಟ್ಟಿಗೆ ಬಾಗಿಲಿಗೆ ಬರುತ್ತದೆ. ಅದೇ ನರಗುಂದದಲ್ಲಿ ಸಂಸ್ಥಾನದ ದೊರೆ ಬಾಬಾಸಾಹೇಬರಿಗೆ ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಲಿಲ್ಲ. 1858ರಲ್ಲಿ ಅವರು ಬಂಡೆದ್ದರು, ಸಂಸ್ಥಾನವೇ ಹೋಯಿತು. ಸಮ್ಮಿಶ್ರ ಸರ್ಕಾರದಲ್ಲಿ ಇದರ ಉಲ್ಟಾ. ಅಪಾಯ ಸಣ್ಣದು, ಆದರೆ ದಿನಾ ಇರುತ್ತದೆ. ಮಿಲಿಟರಿ ಆಡಳಿತದ ತೊಂದರೆಯೇ ಬೇರೆ, ಅಲ್ಲಿ ಸುದ್ದಿಯೇ ಸರಿಯಾಗಿ ಬರುವುದಿಲ್ಲ.

ಸಾಹೇಬರ ಪ್ರಶ್ನೆ ಇಲ್ಲೇ ಇತ್ತು. “ಕೆಳಗಿಂದ ಮ್ಯಾಲ ಹೋಗೋ ವರದಿ ಒಂದೊಂದು ಮೆಟ್ಟಿಲಿಗೂ ಒಂದೀಟು ಚಂದ ಆಕ್ಕೋತ ಹೋಗತೈತಿ” ಅಂದಿದ್ದರು. ಈಗ ಆಟಗಾರನಿಗೆ ಕಾಣುವ ಖಾತೆ ನಿಜವಾದ ಖಾತೆಯಲ್ಲ, ಅಧಿಕಾರಿಗಳು ಬರೆದು ಕಳಿಸಿದ್ದು. ಕೆಟ್ಟ ಸುದ್ದಿ ತಂದವರನ್ನು ಎತ್ತಂಗಡಿ ಮಾಡಿದಷ್ಟೂ, ಪತ್ರಿಕೆಗಳನ್ನು ಮುಚ್ಚಿಸಿದಷ್ಟೂ ಅದು ಚಂದವಾಗುತ್ತದೆ. ನಿಜ ತಿಳಿಯಬೇಕೆಂದರೆ ಸಂತೆಯಲ್ಲಿ ಜೋಳದ ದರ ನೋಡಿ, ಊರು ಬಿಟ್ಟು ಹೋದವರನ್ನು ಎಣಿಸಿ. ಪರದೆಯ ಮೇಲಿನ ಅಂಕಿ ಸುಳ್ಳು ಹೇಳಬಹುದು ಅಂತ ಗೊತ್ತಾದಾಗ ಕೆಲವರು ಮೋಸ ಅಂತ ರೇಗಿದರು. ಅದಕ್ಕೆ ಮೊದಲ ಪಾಳಿಯಲ್ಲೇ ಎಚ್ಚರಿಕೆ ಹಾಕಿದೆವು. ನಿಯಮವನ್ನು ಬಚ್ಚಿಡಬಾರದು, ಅಂಕಿಯನ್ನು ಬಚ್ಚಿಟ್ಟರೆ ನಡೆಯುತ್ತದೆ.

ಸಂಸದೀಯ ಪದ್ಧತಿಯಲ್ಲಿ ಮೊದಲು ಬೆಂಬಲ ಅರ್ಧಕ್ಕಿಂತ ಕೆಳಗಿಳಿದ ಕ್ಷಣವೇ ಸರ್ಕಾರ ಬೀಳುತ್ತಿತ್ತು. ಬೊಮ್ಮಾಯಿ ಪ್ರಕರಣ ಓದಿದ ಮೇಲೆ ಅದನ್ನು ಕಿತ್ತುಹಾಕಿದೆವು. ಎಸ್.ಆರ್. ಬೊಮ್ಮಾಯಿ ನಮ್ಮ ಹುಬ್ಬಳ್ಳಿಯಿಂದಲೇ ಆರಿಸಿಹೋದವರು. ಅವರು ಮುಖ್ಯಮಂತ್ರಿಯಾಗಿದ್ದಾಗ, 1989ರ ಏಪ್ರಿಲ್‌ನಲ್ಲಿ, 19 ಶಾಸಕರು ಬೆಂಬಲ ವಾಪಸ್ ಪಡೆದ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅದರಲ್ಲಿ 7 ಮಂದಿ ಮರಳಿ ಮುಖ್ಯಮಂತ್ರಿಯ ಕಡೆಗೇ ಪತ್ರ ಬರೆದರು. ಆದರೂ ಸದನದಲ್ಲಿ ಎಣಿಸದೆ 21ರಂದು ಸರ್ಕಾರವನ್ನು ವಜಾ ಮಾಡಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ತೀರ್ಮಾನ ಆಗಬೇಕಾದ್ದು ಸದನದಲ್ಲಿ ಅಂತ ಅದು ಹೇಳಿತು. ಆಟಕ್ಕೆ ಇದು ಬಂಗಾರ. ಪತ್ರ ಬಂದ ದಿನಕ್ಕೂ ಎಣಿಸುವ ದಿನಕ್ಕೂ ನಡುವೆ ಈಗ ಎರಡು ವಾರ ಇಟ್ಟಿದ್ದೇವೆ. ಪಾಳಿ ನಿಂತು ದಿನ ದಿನದ ಲೆಕ್ಕ ಶುರುವಾಗುತ್ತದೆ. ಇಡೀ ಆಟದಲ್ಲಿ ಜನ ಕುರ್ಚಿ ತುದಿಗೆ ಬರುವುದು ಅಲ್ಲಿ ಮಾತ್ರ.

ಪಕ್ಷಾಂತರ ನಿಷೇಧವನ್ನೂ ಸೇರಿಸಿದೆವು. ಒಬ್ಬೊಬ್ಬರೇ ಹಾರಿದರೆ ಸ್ಥಾನ ಹೋಗುತ್ತದೆ. ಹಾಗಾಗಿ ಬಹಳ ದಿನ ಯಾರೂ ಅಲುಗಾಡುವುದಿಲ್ಲ, ಅಲುಗಾಡಿದರೆ ಗುಂಪಾಗಿಯೇ. ಒಬ್ಬ ಹುಡುಗ ಇದಕ್ಕೂ ಸಂದು ಹುಡುಕಿದ. ಎದುರಿನವರಿಂದ ರಾಜೀನಾಮೆ ಕೊಡಿಸಿದ, ಸದನದ ಸಂಖ್ಯೆಯೇ ಇಳಿಯಿತು, ಅರ್ಧದ ಗೆರೆಯೂ ಕೆಳಗೆ ಬಂತು. ನಮ್ಮ ಪ್ರೋಗ್ರಾಮರ್ ಇದು ಬಗ್ ಅಂದ. 2019ರ ಜುಲೈ 23ರಂದು ವಿಧಾನಸಭೆಯಲ್ಲಿ 99ಕ್ಕೆ 105 ಮತ ಬಿದ್ದು ಸಮ್ಮಿಶ್ರ ಸರ್ಕಾರ ಹೋದದ್ದು ಹೇಗೆ ಅಂತ ನೆನಪಿಸಿದೆ. ಬಗ್ ಹಾಗೇ ಉಳಿಯಿತು.

ಕೊನೆಗೆ ಉಳಿದದ್ದು ಬಿದ್ದ ಮೇಲೆ ಏನು ಅನ್ನೋದು. ಮೊದಲು ‘ಆಟ ಮುಗಿಯಿತು’ ಅಂತ ಬರುತ್ತಿತ್ತು. ಅದರಿಂದ ಎಲ್ಲರೂ ಸೇವ್ ಮಾಡಿದ ಹಳೇ ಜಾಗಕ್ಕೆ ಓಡುತ್ತಿದ್ದರು. ಅದಕ್ಕೇ ಈಗ ಆಟಗಾರ ಸರ್ಕಾರ ಅಲ್ಲ, ದೇಶ. ಸರ್ಕಾರ ಬಿದ್ದರೆ ಹೊಸದನ್ನು ಕೂರಿಸಿ ಮುಂದೆ ಹೋಗಬೇಕು. ಆದರೆ ಹಳೆಯ ಬಾಕಿ ಎಷ್ಟು ಹೊಸಬರ ತಲೆಗೆ? ಪೂರ್ತಿ ಹಾಕಿದರೆ ಅವರೂ ನಾಲ್ಕು ಪಾಳಿಗೆ ಬೀಳುತ್ತಾರೆ, ಅವರ ಹಿಂದೆ ಬಂದವರೂ ಬೀಳುತ್ತಾರೆ. ಏನೂ ಹಾಕದಿದ್ದರೆ ಆಟಗಾರ ಬೇಕಂತಲೇ ಸರ್ಕಾರ ಬೀಳಿಸಿ ಸಾಲ ತೊಳೆದುಕೊಳ್ಳುತ್ತಾನೆ. ಹುಡುಗರು ಶೇ 20 ಸಾಕು ಅನ್ನುತ್ತಾರೆ. ಸಾಹೇಬರು ಒಪ್ಪುವುದಿಲ್ಲ: “ಕುರ್ಚಿ ಬದಲಾದ್ರ ರೈತನ ಸಾಲ ಬದಲಾಕ್ಕೈತೇನು?” ಸದ್ಯ 40ಕ್ಕೆ ಇಟ್ಟು ಆಡಿಸುತ್ತಿದ್ದೇವೆ. ಹೋದ ಶನಿವಾರ ಆ ಲೆಕ್ಕದಲ್ಲಿ ಸಾಹೇಬರದೇ ಮೂರು ಸರ್ಕಾರ ಬಿದ್ದವು. ನಾಲ್ಕನೆಯದು ಇನ್ನೂ ನಡೆದಿದೆ.