ಪಿಟಿಎಲ್‌ಡಿ ಅಂದರೆ ಏನು?

ಡೊಂಬಿವಲಿಯ ನಮ್ಮ ಸೋದರಮಾವನಿಗೆ ಅತ್ತೆಯ ಕಿಡ್ನಿ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ ಅವರ ಮೊಬೈಲ್ ಹೊಡೆದುಕೊಳ್ಳುತ್ತದೆ. ಲೋಕಲ್ ರೈಲಿನಲ್ಲಿದ್ದರೂ ಸರಿ, ಮಾಸ್ಕ್ ಸರಿಸಿ ಗುಳಿಗೆ ನುಂಗುತ್ತಾರೆ. ಒಂದು ದಿನ ಕತ್ತಿನಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಸಿಕ್ಕಿತು. ನೋವಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಬಂದದ್ದು ಈ ನಾಲ್ಕಕ್ಷರ. ಅತ್ತೆ ಫೋನಿನಲ್ಲಿ, "ನಾ ಕೊಟ್ಟ ಕಿಡ್ನಿಯಿಂದಲೇ ಬಂತೇನೋ?" ಅಂದರು.

ಪೂರ್ತಿ ಹೆಸರು ಪೋಸ್ಟ್ ಟ್ರಾನ್ಸ್‌ಪ್ಲಾಂಟ್ ಲಿಂಫೋಪ್ರೊಲಿಫರೇಟಿವ್ ಡಿಸಾರ್ಡರ್. ಹೆಸರು ಕೇಳಿಯೇ ಅರ್ಧ ಜೀವ ಹೋಗುತ್ತೆ, ಅಲ್ವಾ? ಅರ್ಥ ಇಷ್ಟೇ: ಅಂಗ ಕಸಿಯಾದವರಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಅಂಕೆ ಮೀರಿ ಬೆಳೆಯುವುದು. ಸಣ್ಣ ಊತದಿಂದ ಹಿಡಿದು ಪಕ್ಕಾ ಲಿಂಫೋಮಾ ಕ್ಯಾನ್ಸರ್‌ವರೆಗೆ ಎಲ್ಲವೂ ಈ ಒಂದೇ ಹೆಸರಿನಡಿ ಬರುತ್ತವೆ. ಹಾಗಾಗಿ ಯಾವ ಬಗೆ ಎಂದು ಕೇಳದೆ ಸುಮ್ನೆ ಹೆದರಬಾರದು.

ಬೇರೆಯವರ ಕಿಡ್ನಿಯ ಮೇಲೆ ದೇಹ ಏರಿ ಹೋಗುತ್ತದೆ. ಅದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟೀರಾಯ್ಡ್ ಕೊಡುತ್ತಾರೆ. (1954ರಲ್ಲಿ ಬಾಸ್ಟನ್‌ನಲ್ಲಿ ಗೆದ್ದ ಮೊದಲ ಕಿಡ್ನಿ ಕಸಿಗೆ ಇವು ಬೇಕಾಗಲಿಲ್ಲ. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು.) ಲಿಂಫೋಸೈಟ್‌ಗಳಲ್ಲಿ ಟಿ, ಬಿ ಎಂಬ ಬಗೆಗಳಿವೆ. ಈ ಮದ್ದು ಕಾವಲಿನ ಟಿ ಕಣಗಳ ಕೈ ಕಟ್ಟುತ್ತದೆ. ಇತ್ತ ಎಪ್‌ಸ್ಟೈನ್ ಬಾರ್ ಎಂಬ ವೈರಸ್ ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ತಗುಲಿ, ಬಿ ಕಣಗಳೊಳಗೆ ಅಡಗಿ ಕೂತಿರುತ್ತದೆ. ಕಾವಲು ಸಡಿಲವಾದಾಗ ಆ ಬಿ ಕಣಗಳು ಮನಬಂದಂತೆ ಬೆಳೆಯಬಹುದು. ಎಲ್ಲ ಪಿಟಿಎಲ್‌ಡಿಗೂ ಈ ವೈರಸ್ಸೇ ಕಾರಣ ಅಲ್ಲ. ಆದರೆ ಮೊದಲ ವರ್ಷ ಬರುವವಕ್ಕೆ ಹೆಚ್ಚಾಗಿ ಇದೇ. ಕಸಿಯಾಗುವಾಗ ವೈರಸ್ ಇನ್ನೂ ತಗುಲದ ಮಕ್ಕಳಿಗೆ ಅಪಾಯ ಜಾಸ್ತಿ.

ಅತ್ತೆಗೆ ಉತ್ತರ: ಕಿಡ್ನಿಯಂಥ ಅಂಗದ ಕಸಿಯಲ್ಲಿ ಕೆಡುವುದು ಬಹುಪಾಲು ಪಡೆದವರ ಸ್ವಂತ ಕಣಗಳೇ.

ಕಸಿಯಾದವರಿಗೆ ಒಟ್ಟಾರೆ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಹೆಚ್ಚು.

ಪಿಟಿಎಲ್‌ಡಿಗೆ ಮೊದಲ ಹೆಜ್ಜೆ, ಆ ಮದ್ದನ್ನೇ ಕಡಿಮೆ ಮಾಡುವುದು. ಕೆಲವರಿಗೆ ಅಷ್ಟಕ್ಕೇ ಗಡ್ಡೆ ಕರಗುತ್ತದೆ. ಇಲ್ಲದಿದ್ದರೆ ಬಿ ಕಣಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಎಂಬ ಮದ್ದು, ಕೀಮೋ. ಆದರೆ ಮದ್ದು ಇಳಿಸಿದರೆ ದೇಹ ಕಿಡ್ನಿಯ ಮೇಲೆ ತಿರುಗಿ ಬೀಳಬಹುದು. ಎಷ್ಟು ಇಳಿಸಬೇಕು ಎಂಬುದು ಡಾಕ್ಟರರ ಲೆಕ್ಕ. ನಾವೇ ಗುಳಿಗೆ ಬಿಟ್ಟರೆ ಕಿಡ್ನಿಯೇ ಹೋದೀತು.

ಮಾವನ ಡಬ್ಬಿಯಲ್ಲೀಗ ಮೈಕೊಫಿನೊಲೇಟ್ ಇಲ್ಲ. ಕಿಡ್ನಿ ಹೇಗಿದೆ ಎಂದು ತಿಳಿಯಲು ವಾರಕ್ಕೊಮ್ಮೆ ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಕೊಡುತ್ತಾರೆ. ಅತ್ತೆ ದಿನಾ ಅವರ ಕತ್ತು ಮುಟ್ಟಿ ನೋಡುತ್ತಾರೆ. ಗಡ್ಡೆ ಕಡಲೆಕಾಳಿನಷ್ಟಾಗಿದೆಯಂತೆ.