ನಾಯಿಯ ತಟ್ಟೆ, ನಾಯಿಯ ಮಲ: ಹಸಿ ಮಾಂಸ ಮತ್ತು ಡ್ರೈ ಫುಡ್ ಕುರಿತ ಟಿಪ್ಪಣಿ

ಹುಬ್ಬಳ್ಳಿ ಕಡೆ ಒಣ ಗುಳಿಗೆಯಂಥ ಆಹಾರ ಯಾವ ಕಂಪನಿಯದಾದರೂ ಬಾಯಲ್ಲಿ ಅದು ‘ಪೆಡಿಗ್ರಿ’ಯೇ. ಈ ಟಿಪ್ಪಣಿಯಲ್ಲಿ ಡ್ರೈ ಫುಡ್ ಎನ್ನೋಣ. ಹಸಿ ಮಾಂಸ ಹಾಕುವವರು ಮುಂದಿಡುವ ಮೊದಲ ವಾದ ಒಂದೇ: ‘ನಮ್ಮ ನಾಯಿ ಸ್ವಲ್ಪೇ ಸ್ವಲ್ಪ ಹೇಲುತ್ತದೆ, ಅಂದರೆ ತಿಂದದ್ದೆಲ್ಲ ಮೈಗೆ ಹತ್ತುತ್ತದೆ.’ ಮೊದಲರ್ಧ ನಿಜ. ಎರಡನೆಯದನ್ನು ಒಪ್ಪುವ ಮುಂಚೆ ಲೆಕ್ಕ ಹಾಕಬೇಕು.

20 ಕೆಜಿ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಮುಧೋಳ ನಾಯಿ ಎಂದುಕೊಳ್ಳಿ. ವಿಶ್ರಾಂತಿ ಸ್ಥಿತಿಯ ಶಕ್ತಿಯ ಅಗತ್ಯ = 70 × ತೂಕದ 0.75 ಘಾತ. ಸಾದಾ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ: 20, 4.472, 2.115. ಕೊನೆಯ ಎರಡನ್ನು ಗುಣಿಸಿದರೆ 9.46. ಅದನ್ನು 70ರಿಂದ ಗುಣಿಸಿದರೆ 662. ದಿನದ ಓಡಾಟಕ್ಕೆಂದು 1.6ರಿಂದ ಗುಣಿಸಿದರೆ ಸುಮಾರು 1,060 ಕಿಲೋಕ್ಯಾಲರಿ.

ನೂರು ಗ್ರಾಂಗೆ 350 ಕಿಲೋಕ್ಯಾಲರಿ ಇರುವ ಡ್ರೈ ಫುಡ್ ಆದರೆ 300 ಗ್ರಾಂ ಬೇಕು. ತೇವಾಂಶ 10% ಕಳೆದರೆ ಒಣ ಅಂಶ 270 ಗ್ರಾಂ. 80% ಜೀರ್ಣವಾಯಿತೆಂದರೆ ಉಳಿದದ್ದು 54 ಗ್ರಾಂ. ಮಲದಲ್ಲಿ 70% ನೀರಿದ್ದರೆ ಹೊರಗೆ ಬೀಳುವುದು 180 ಗ್ರಾಂ. ಚರ್ಮ, ಮೆದು ಎಲುಬು ಸೇರಿದ ಹಸಿ ಕೋಳಿ ನೂರು ಗ್ರಾಂಗೆ 175 ಕಿಲೋಕ್ಯಾಲರಿ ಎಂದು ಹಿಡಿದರೆ 600 ಗ್ರಾಂ ಬೇಕು. ಅದರಲ್ಲಿ 70% ನೀರು, ಒಣ ಅಂಶ 180 ಗ್ರಾಂ ಮಾತ್ರ. 90% ಜೀರ್ಣವಾದರೆ ಉಳಿಯುವುದು 18. ಮಲದಲ್ಲಿ 65% ನೀರೆಂದರೆ 51 ಗ್ರಾಂ.

ಮೂರೂವರೆ ಪಟ್ಟು ವ್ಯತ್ಯಾಸ. ಆದರೆ ಇದರ ಒಂದು ಪಾಲು ಜೀರ್ಣಶಕ್ತಿಯದ್ದಲ್ಲವೇ ಅಲ್ಲ. ಕೊಬ್ಬಿನಲ್ಲಿ ಶಕ್ತಿ ಹೆಚ್ಚು, ಹಾಗಾಗಿ ಒಳಗೆ ಹೋಗುವ ಒಣ ಅಂಶವೇ ಕಡಿಮೆ. ಡ್ರೈ ಫುಡ್ ಲೆಕ್ಕದಲ್ಲಿ 80ರ ಬದಲು 88% ಹಾಕಿ ನೋಡಿ: 180 ಗ್ರಾಂ ಇದ್ದದ್ದು 108ಕ್ಕೆ ಇಳಿಯುತ್ತದೆ. ಅಗ್ಗದ ಚೀಲಕ್ಕೂ ಒಳ್ಳೆಯ ಚೀಲಕ್ಕೂ ಇರುವ ಅಂತರ ಅಂಗಳದಲ್ಲೇ ಕಾಣುವುದು ಹೀಗೆ.

‘ನಾಯಿಗೆ ಕಾಳುಕಡ್ಡಿ ಜೀರ್ಣವಾಗುವುದಿಲ್ಲ’ ಎನ್ನುವುದು ಸುಳ್ಳು. ನಾಯಿಯ ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಇಲ್ಲವೆನ್ನುವಷ್ಟು ಕಡಿಮೆ, ನಿಜ. ಆ ಕೆಲಸ ಮೇದೋಜೀರಕ ಗ್ರಂಥಿಯದು. ಅಲ್ಲಿ ಅಮೈಲೇಸ್ ತಯಾರಿಸುವ ಎಎಂವೈ2ಬಿ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚೆಂದು 2013ರಲ್ಲಿ ತೋರಿಸಿದ್ದಾರೆ. ಷರತ್ತು ಒಂದೇ, ಪಿಷ್ಟ ಬೆಂದಿರಬೇಕು. ಕಾರ್ಖಾನೆಯಲ್ಲಿ ಹಿಟ್ಟು ಬಿಸಿ ಮತ್ತು ಒತ್ತಡದಲ್ಲಿ ಬೆಂದು ಉಬ್ಬಿರುತ್ತದೆ. ಮನೆಯ ಜೋಳದ ನುಚ್ಚು ಅರೆಬೆಂದಿದ್ದರೆ ಕಾಳು ಕಾಳಾಗಿಯೇ ಹೊರಬರುತ್ತದೆ, ಉಳಿದ ಪಿಷ್ಟ ದೊಡ್ಡ ಕರುಳಿನಲ್ಲಿ ಹುದುಗಿ ಗಾಳಿ ಮತ್ತು ಮೆತ್ತನೆಯ ಮಲವಾಗುತ್ತದೆ. ರೊಟ್ಟಿ-ಹಾಲು ಹಾಕಿದಾಗ ಭೇದಿಯಾದರೆ ರೊಟ್ಟಿಯನ್ನು ಬೈಯುವ ಮುಂಚೆ ಹಾಲು ನಿಲ್ಲಿಸಿ. ಬೆಳೆದ ನಾಯಿಯಲ್ಲಿ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಡಿಮೆ. ಉಳ್ಳಾಗಡ್ಡಿ ಬಿದ್ದ ಸಾರು ಮಾತ್ರ ಬೇಡವೇ ಬೇಡ. ಅದು ಕೆಂಪು ರಕ್ತಕಣ ಒಡೆಯುತ್ತದೆ, ಸುಳಿವು ಮಲದಲ್ಲಲ್ಲ, ಕೆಂಪು-ಕಂದು ಮೂತ್ರದಲ್ಲಿ ಸಿಗುತ್ತದೆ.

ಮಲವನ್ನು 1ರಿಂದ 7ರ ಅಂಕಪಟ್ಟಿಯಲ್ಲಿ ಅಳೆಯುತ್ತಾರೆ: 1 ಎಂದರೆ ಒಣ ಗಟ್ಟಿ ಉಂಡೆ, 7 ಎಂದರೆ ಬರೀ ನೀರು. 2 ಸರಿಯಾದ ಮಟ್ಟ: ಗಟ್ಟಿಯಿದ್ದರೂ ಒತ್ತಿದರೆ ಬಾಗುತ್ತದೆ, ಎತ್ತಿದರೆ ನೆಲಕ್ಕೆ ಅಂಟಿ ಉಳಿಯುವುದಿಲ್ಲ. ತಾಜಾ ಮಲವನ್ನೇ ನೋಡಿ. ಬಿಸಿಲಿಗೆ ಒಣಗಿದ ಮಲ ಬೆಳ್ಳಗಾಗುವುದುಂಟು. ತಾಜಾ ಇದ್ದಾಗಲೇ ಬಿಳಿ, ಸುಣ್ಣದಂತೆ ಪುಡಿಯಾಗುವುದಾದರೆ ಎಲುಬು ಅತಿಯಾಗಿದೆ. ಅಂಥ ಮಲವೂ ಚಿಕ್ಕದೇ, ವಾಸನೆಯೂ ಕಡಿಮೆ, ಆದರೆ ನಾಯಿ ತಿಣುಕುತ್ತಿರುತ್ತದೆ. ‘ಸ್ವಲ್ಪ ಹೇಲು’ ವಾದ ಮುರಿದು ಬೀಳುವುದು ಇಲ್ಲಿ. ಎಲುಬು ತೆಗೆದ ಮಾಂಸವನ್ನಷ್ಟೇ ಹಾಕುವುದು ಇನ್ನೊಂದು ತಪ್ಪು. ಅದರಲ್ಲಿ ರಂಜಕ ಇದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ನಾಯಿಗೆ ದಿನಕ್ಕೆ ಮೂರೂವರೆ ಗ್ರಾಂ ನುಣ್ಣನೆಯ ಮೊಟ್ಟೆಚಿಪ್ಪಿನ ಪುಡಿ ಬೆರೆಸಿದರೆ ಸುಮಾರು 1.3 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಬೇಯಿಸಿದ ಎಲುಬು ಬೇಡ, ಚೂಪಾಗಿ ಸೀಳುತ್ತದೆ.

ಲಿವರ್ ಹೆಚ್ಚಾದರೆ ಮಲ ಕಡುಗಪ್ಪು, ಮೆತ್ತಗೆ. 600 ಗ್ರಾಂ ಊಟದಲ್ಲಿ 30 ಗ್ರಾಂ ಸಾಕು. ಡಾಂಬರಿನಂಥ ಕಪ್ಪಾದರೆ ಒದ್ದೆ ಬಿಳಿ ಕಾಗದದ ಮೇಲೆ ಸವರಿ. ಅಂಚಿನಲ್ಲಿ ಕೆಂಪು ಹರಡಿದರೆ ಜಠರ ಅಥವಾ ಸಣ್ಣ ಕರುಳಿನ ರಕ್ತಸ್ರಾವದ ಸಂಶಯ, ಅದೇ ದಿನ ವೈದ್ಯರ ಬಳಿ ಒಯ್ಯಬೇಕು. ರಾಶಿ ರಾಶಿ, ಮಾಸಲು ಬಣ್ಣದ, ಜಿಡ್ಡಿನ ಮಲ, ಹಸಿವು ವಿಪರೀತ, ಮೈ ಮಾತ್ರ ಇಳಿಯುತ್ತಿದೆ ಎಂದರೆ ಆಹಾರ ಬದಲಿಸುತ್ತ ಕೂರಬೇಡಿ, ಮೇದೋಜೀರಕ ಗ್ರಂಥಿಯ ಪರೀಕ್ಷೆ ಮಾಡಿಸಿ.

ಬದಲಾವಣೆಗೆ ಹತ್ತು ದಿನ ಬೇಕು, ಅಳತೆ ಶಕ್ತಿಯದ್ದಿರಲಿ, ತೂಕದ್ದಲ್ಲ. ಮೊದಲ ಮೂರು ದಿನ 75 ಗ್ರಾಂ ಡ್ರೈ ಫುಡ್ ತೆಗೆದು 150 ಗ್ರಾಂ ಮಾಂಸ, ಮುಂದಿನ ಮೂರು ದಿನ ಅರ್ಧಕ್ಕರ್ಧ, ಆಮೇಲೆ ಮುಕ್ಕಾಲು. ಅಂಕ 5 ದಾಟಿದರೆ ಹಿಂದಿನ ಹಂತಕ್ಕೆ ಮರಳಿ. ಮಾಂಸದಿಂದ ಡ್ರೈ ಫುಡ್‌ಗೆ ಬಂದಾಗ ಮಲ ಹೆಚ್ಚುವುದು ರೋಗವಲ್ಲ, ಮೇಲಿನ ಲೆಕ್ಕವೇ. ನೀರಿನ ಬಟ್ಟಲು ಮಾತ್ರ ದೊಡ್ಡದಿರಲಿ: 600 ಗ್ರಾಂ ಮಾಂಸದಲ್ಲಿ 420 ಮಿಲಿ ನೀರಿತ್ತು, 300 ಗ್ರಾಂ ಡ್ರೈ ಫುಡ್‌ನಲ್ಲಿ 30 ಮಾತ್ರ.

ಇಷ್ಟೆಲ್ಲ ಕಣ್ಣಿಗೆ ಕಾಣುವುದಾಯಿತು. ಹಸಿ ಮಾಂಸದ ನಿಜವಾದ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತ ನಾಯಿ ಅಂಕ 2ರ ಚೆಂದದ ಮಲವನ್ನೇ ಹಾಕುತ್ತ ಮನೆಯಲ್ಲೆಲ್ಲ ಸೋಂಕು ಹರಡಬಹುದು. ಫ್ರೀಜರ್ ಅದನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ನಮ್ಮ ಭಾಗದಲ್ಲಿ ಅದಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಹೈಡಾಟಿಡ್ ಎಂಬ ನೀರುಗುಳ್ಳೆ ರೋಗ. ಹಾವೇರಿ, ಗದಗಿನ ಹೊಲಗಳಲ್ಲಿ ಕುರಿ ತರುಬುವ ಕಡೆ ಕುರಿ, ನಾಯಿ, ಹುಲ್ಲು, ಮನುಷ್ಯ ಎಲ್ಲ ಒಂದೇ ಜಾಗದಲ್ಲಿ. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಲಿವರ್, ಶ್ವಾಸಕೋಶ ‘ಕೆಟ್ಟದ್ದು’ ಎಂದು ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗಿನ ಮರಿಗಳು ನಾಯಿಯ ಸಣ್ಣ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಎಕಿನೋಕಾಕಸ್ ಹುಳುಗಳಾಗಿ, ಸುಮಾರು ಆರು ವಾರಕ್ಕೆ ಮೊಟ್ಟೆ ಹೊರಬರತೊಡಗುತ್ತದೆ. ನಾಯಿಗೆ ಭೇದಿಯೂ ಇರುವುದಿಲ್ಲ. ಜಂತುಹುಳುವಿನ ಮೊಟ್ಟೆ ಸೋಂಕು ಹತ್ತಿಸಲು ಮಣ್ಣಿನಲ್ಲಿ ವಾರಗಟ್ಟಲೆ ಮಾಗಬೇಕು. ಇದು ಹೊರಬಿದ್ದ ಗಳಿಗೆಯಿಂದಲೇ ಸಿದ್ಧ. ಮನುಷ್ಯನ ಹೊಟ್ಟೆ ಸೇರಿದರೆ ಅವನ ಯಕೃತ್ತಿನಲ್ಲಿ ಅದೇ ನೀರುಗುಳ್ಳೆ.

ಹಾಗಾಗಿ ಕುರಿ-ಮೇಕೆಯ ಒಳಾಂಗಗಳನ್ನು ಅರ್ಧ ಗಂಟೆ ಕುದಿಸದೆ ಹಾಕಬೇಡಿ. ಸೂಕ್ಷ್ಮದರ್ಶಕದಲ್ಲಿ ಈ ಮೊಟ್ಟೆಗೂ ಸಾಮಾನ್ಯ ಟೀನಿಯಾ ಲಾಡಿಹುಳುವಿನ ಮೊಟ್ಟೆಗೂ ವ್ಯತ್ಯಾಸ ಕಾಣುವುದಿಲ್ಲ. ಮಲಪರೀಕ್ಷೆಯ ವರದಿಯಲ್ಲಿ ‘ಟೀನಿಡ್ ಮೊಟ್ಟೆ’ ಎಂದಷ್ಟೇ ಬರೆಯಬೇಕು, ಅಪಾಯದ್ದೇ ಎಂದು ನಡೆದುಕೊಳ್ಳಬೇಕು. ಈ ಹುಳುವಿನ ಔಷಧ ಪ್ರಾಜಿಕ್ವಾಂಟೆಲ್, ಕೆಜಿಗೆ 5 ಮಿಗ್ರಾಂ, ಅಂದರೆ ನಮ್ಮ 20 ಕೆಜಿ ನಾಯಿಗೆ 100 ಮಿಗ್ರಾಂ. ಒಳಾಂಗ ಸಿಗುತ್ತಲೇ ಇರುವ ನಾಯಿಗೆ ಆರು ವಾರಕ್ಕೊಮ್ಮೆ. ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಗುಳಿಗೆ ನುಂಗಿಸಿದ ಮೇಲೆ ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಬಿದ್ದ ಮಲವನ್ನೆಲ್ಲ ಸುಡಬೇಕು ಇಲ್ಲವೇ ಆಳಕ್ಕೆ ಹೂಳಬೇಕು, ತಿಪ್ಪೆಗೆ ಎಸೆಯುವಂತಿಲ್ಲ.