ತೂಬು ಮುಚ್ಚಿದ ಕೆರೆಯ ನೀರು ಯಾರ ಪಾಲು?

ಕೋಲಾರದ ಹಳೆಯ ಕೆರೆಗಳ ತೂಬನ್ನು ಹತ್ತಿರದಿಂದ ನೋಡಬೇಕು. ಏರಿಯ ಒಳಬದಿಯಲ್ಲಿ ಎರಡು ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು, ಆ ತೂತಿನ ಮೂಲಕ ತಳದ ಕಿಂಡಿಗೆ ಇಳಿಬಿಟ್ಟ ಉದ್ದನೆಯ ಗಳು, ಅದರ ತುದಿಯಲ್ಲಿ ಬಿರಡೆ. ಬಿರಡೆ ಎಷ್ಟು ಮೇಲೆದ್ದರೆ ಅಷ್ಟು ನೀರು ಏರಿಯ ಅಡಿಯಿಂದ ಅಚ್ಚುಕಟ್ಟಿಗೆ ಹರಿಯುತ್ತದೆ. ಅದನ್ನು ಎತ್ತುವ, ಇಳಿಸುವ ಹೊಣೆ ನೀರುಗಂಟಿಯದು. ಎಷ್ಟೇ ದೊಡ್ಡ ಹಿಡುವಳಿದಾರನಾದರೂ ತೂಬಿಗೆ ಕೈ ಹಾಕುವಂತಿರಲಿಲ್ಲ.

ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಂದಿಬೆಟ್ಟ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ಹುಟ್ಟಿದರೂ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬೀಳುವ ಮಳೆಯೂ ಬಹುಪಾಲು ಕೆಲವೇ ಹದಗಳಲ್ಲಿ ಬಿದ್ದು ಮುಗಿಯುತ್ತದೆ. ಅದಕ್ಕೇ ಇಲ್ಲಿ ಕೆರೆಗಳು ಸರಪಳಿಯಾಗಿವೆ: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೆರೆ ಅರ್ಧ ತುಂಬಿದ ವರ್ಷ ದಾಮಾಷಾ ನಡೆಯುತ್ತಿತ್ತು. ಇರುವ ನೀರಿಗೆ ತಕ್ಕಷ್ಟೇ ನೆಲವನ್ನು ಗೊತ್ತುಮಾಡಿ, ಅದನ್ನು ಎಲ್ಲ ಅಚ್ಚುಕಟ್ಟುದಾರರಿಗೂ ಅವರವರ ಹಿಡುವಳಿಗೆ ಅನುಗುಣವಾಗಿ ಹಂಚುವ ಕ್ರಮ ಅದು. ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ದಿನ ಬಂದೀತು, ಯಾವ ಗದ್ದೆ ಎಷ್ಟು ಕುಡಿಯುತ್ತದೆ ಎಂಬ ಅಂದಾಜು ನೀರುಗಂಟಿಗೆ ಇರುತ್ತಿತ್ತು. ಇದನ್ನು ಜಲವಿಜ್ಞಾನ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಆ ವ್ಯವಸ್ಥೆಯನ್ನು ಸತ್ಯಯುಗ ಎಂದು ಬಣ್ಣಿಸುವುದು ತಪ್ಪು. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಊರಿಗೆಲ್ಲ ನೀರು ಹಂಚುವವನಿಗೆ ಊರ ಬಾವಿಯಲ್ಲಿ ಸೇದುವ ಹಕ್ಕಿರಲಿಲ್ಲ. ಅವನ ಕೆಲಸಕ್ಕೆ ಸಿಗುತ್ತಿದ್ದುದು ಒಂದಿಷ್ಟು ಇನಾಂ ಜಮೀನು, ಸುಗ್ಗಿಯಲ್ಲಿ ಒಂದು ಪಾಲು ಧಾನ್ಯ. ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯ್ದೆ ವಂಶಪಾರಂಪರ್ಯದ ಚಾಕರಿಯಿಂದ ಇಂಥವರನ್ನು ಬಿಡಿಸಿತು. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ತೂಬು ಯಾರ ಹೊಣೆ ಎಂಬ ಪ್ರಶ್ನೆಗೆ ಹೊಸ ಉತ್ತರ ಹುಟ್ಟುವ ಮೊದಲೇ ಕೊಳವೆಬಾವಿ ಬಂತು.

ನಮ್ಮ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಮೇಲಿನ ಶಿಥಿಲಗೊಂಡ ಪದರದಲ್ಲಿ ನೀರು ನಿಲ್ಲುತ್ತದೆ. ಅದರ ಕೆಳಗೆ ಗಟ್ಟಿ ಬಂಡೆ, ನೀರೇನಿದ್ದರೂ ಬಿರುಕುಗಳಲ್ಲಿ ಮಾತ್ರ. ತೆರೆದ ಬಾವಿಗಳು ಮೇಲಿನ ಪದರದ ನೀರನ್ನು ನಂಬಿದ್ದವು, ಅದನ್ನು ಕೆರೆ ಪ್ರತಿವರ್ಷ ತುಂಬುತ್ತಿತ್ತು. ಆ ಪದರ ಬತ್ತಿದ ಮೇಲೆ ಸಾವಿರ ಅಡಿ ದಾಟಿ ಕೊರೆಯುವುದು ಇಲ್ಲಿ ಮಾಮೂಲಾಯಿತು. ಒಬ್ಬನ ಬೋರ್‌ವೆಲ್ ಆಳಕ್ಕೆ ಇಳಿದರೆ ಪಕ್ಕದವನದು ಬತ್ತುತ್ತದೆ. ಸಾಲ ಮಾಡಿ ಇನ್ನಷ್ಟು ಕೊರೆಸುವ ಶಕ್ತಿ ಉಳ್ಳವನು ಮಾತ್ರ ಉಳಿಯುತ್ತಾನೆ. ದಾಮಾಷಾದಲ್ಲಿ ಬರ ಎಲ್ಲರಿಗೂ ಹಂಚಿಹೋಗುತ್ತಿತ್ತು. ಬೋರ್‌ವೆಲ್ ಯುಗದಲ್ಲಿ ಅದು ಬಡವನ ಮನೆಗೇ ಹುಡುಕಿಕೊಂಡು ಹೋಗುತ್ತದೆ.

ಆಳದ ನೀರಿಗೆ ಇನ್ನೊಂದು ಕೆಡುಕಿದೆ. ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳ ಸಂಗದಲ್ಲಿ ದೀರ್ಘಕಾಲ ನಿಂತ ನೀರು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಒಂದು ಮಿತಿಯಲ್ಲಿ ಹಿಡಿದಿಡುತ್ತದೆ. ಕ್ಷಾರಗುಣದ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಬೇರ್ಪಟ್ಟು ಹೋದಾಗ ಆ ತಡೆಯೂ ಇಲ್ಲವಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಟ್ಟ. ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಸೈ. ಅದನ್ನು ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳು ಮೂಡುತ್ತವೆ. ಬಹುಕಾಲ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಹಳ್ಳಿಹಳ್ಳಿಯಲ್ಲೂ ನೆಲೆಯೂರಿದ್ದು ಇದರಿಂದಲೇ. ಅಲ್ಲಿಯೂ ನೀರಿನ ದೊಡ್ಡದೊಂದು ಪಾಲು, ಹಿಡಿದ ಲವಣವನ್ನೆಲ್ಲ ಹೊತ್ತು, ಚರಂಡಿಗೆ ಹರಿಯುತ್ತದೆ.

2018ರ ಜೂನ್‌ನಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ, ಮೊದಲಿಗೆ 126 ಕೆರೆಗಳನ್ನು ಸರಪಳಿಯಾಗಿ ತುಂಬಿಸುವ ಯೋಜನೆ ಅದು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ವಿವಾದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬುದು ಈ ಸೀಮೆಗೆ ಶಾಶ್ವತ ನೀರಾವರಿ ಬೇಕೆಂದು ಹೋರಾಡುವವರ ಒತ್ತಾಯ. ಶುದ್ಧೀಕರಣದ ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳೆಯುವ ವಸ್ತುವನ್ನು ತಿಂದು ಮುಗಿಸುತ್ತವೆ; ಆದರೆ ಸಾರಜನಕ, ರಂಜಕಗಳು ಒಂದಿಷ್ಟು ಉಳಿಯುತ್ತವೆ. ಕೆರೆಯಲ್ಲಿ ಪಾಚಿ, ಅಂತರಗಂಗೆ ಹಬ್ಬಲು ಅಷ್ಟು ಸಾಕು.

ಇನ್ನೊಂದೆಡೆ, ಕೆರೆ ತುಂಬಿದ ಊರುಗಳಲ್ಲಿ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ಅದನ್ನು ಕಂಡ ರೈತನ ಸಂತೋಷವನ್ನು ನಾನು ಹಗುರವಾಗಿ ಕಾಣಲಾರೆ. ನನ್ನ ಪ್ರಶ್ನೆ ಹಂಚಿಕೆಯದು. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ; ಕೆರೆಯಿಂದ ನೇರವಾಗಿ ಹೊಲಕ್ಕೆ ಹರಿಸುವಂತಿಲ್ಲ, ಪಂಪು ಇಟ್ಟು ಎತ್ತುವಂತಿಲ್ಲ. ಶುದ್ಧತೆಯ ದೃಷ್ಟಿಯಿಂದ ನಿಯಮ ಸರಿಯೇ, ಮಣ್ಣು ಒಂದಿಷ್ಟು ಸೋಸುತ್ತದೆ. ಆದರೆ ನೆಲದೊಳಗೆ ಇಳಿದ ನೀರು ಬೋರ್‌ವೆಲ್ ಇದ್ದವನಿಗೆ ಮಾತ್ರ ದಕ್ಕುತ್ತದೆ. ಭೂಮಿಯಿಲ್ಲದ ಕೂಲಿಗಾರ್ತಿ, ಕೆರೆಯಂಗಳದಲ್ಲಿ ಕುರಿ ಮೇಯಿಸುತ್ತಿದ್ದವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ನೊರೆಯಲ್ಲಿ ಪಾಲುದಾರರು, ನೀರಿನಲ್ಲಿ ಅಲ್ಲ.

ಹೂಳಿನ ಮಾತೂ ಇಷ್ಟೇ ಮುಖ್ಯ. ಬೇಸಿಗೆಯಲ್ಲಿ ಕೆರೆಗೋಡು ಹೊಡೆದು ಹೊಲಕ್ಕೆ ಹಾಕುವುದು ಇಲ್ಲಿನ ಹಳೆಯ ಬೇಸಾಯ ಕ್ರಮ. ನಗರದ ನೀರಿನಲ್ಲಿ ಕ್ರೋಮಿಯಂ, ಸೀಸದಂಥ ಲೋಹಗಳ ಅಂಶವೇನಾದರೂ ಇದ್ದರೆ ಅದು ಹೆಚ್ಚಾಗಿ ಸೇರುವುದು ಇದೇ ಹೂಳಿಗೆ. ತಿಳಿನೀರನ್ನಷ್ಟೇ ಪರೀಕ್ಷಿಸಿ ಎಲ್ಲವೂ ಸರಿಯಿದೆ ಎನ್ನುವ ವರದಿ ಇದನ್ನು ಹಿಡಿಯಲಾರದು.

ಪರೀಕ್ಷೆಗೆ ಜನ ಇಲ್ಲದಿಲ್ಲ. ಜಲಜೀವನ್ ಮಿಷನ್ ನಿಯಮದಂತೆ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕು. ಫ್ಲೋರೈಡ್ ಪರೀಕ್ಷೆಯನ್ನೇ ನೋಡಿ: ಪುಟ್ಟ ನಳಿಕೆಯಲ್ಲಿ ಗೆರೆಯವರೆಗೆ ನೀರು, ಅದಕ್ಕೆ ಕೆಲವು ಹನಿ ದ್ರಾವಣ. ಫ್ಲೋರೈಡ್ ಹೆಚ್ಚಿದಷ್ಟೂ ಗುಲಾಬಿ ಬಣ್ಣ ಹಳದಿಯತ್ತ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ಅಂದಾಜು ಓದಿಕೊಳ್ಳಬೇಕು. ಆಶಾ ಕಾರ್ಯಕರ್ತೆಯೋ ಸ್ವಸಹಾಯ ಸಂಘದ ಹೆಣ್ಣುಮಗಳೋ ಮಾಡಬಹುದಾದ ಕೆಲಸ ಇದು. ನೀರುಗಂಟಿಗೆ ಇನಾಂ ಜಮೀನಾದರೂ ಇತ್ತು. ಈ ಹೆಣ್ಣುಮಕ್ಕಳ ದುಡಿಮೆಗೂ ತಕ್ಕ ಸಂಬಳ ಸಿಗಬೇಕು. ಅವರ ಕೈಯಲ್ಲಿರುವ ಕಿಟ್ ಹೂಳಿನ ಲೋಹವನ್ನು ಅಳೆಯಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು. ಹೂಳಿನ ಮಾದರಿ ತೆಗೆಯುವ ಜಾಗವನ್ನು ಕೆರೆಯ ಜನರೇ ತೋರಿಸಲಿ: ನೀರು ಒಳಬರುವ ಬಾಯಿ, ತೂಬಿನ ಬುಡ, ದನ ಇಳಿಯುವ ದಡ. ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ಪರೀಕ್ಷೆ ನಡೆದು, ಬಂದ ಅಂಕಿಗಳು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ಆ ಊರಿನ ಕೆರೆಗೆ ಇನ್ನೆಷ್ಟು ನೀರು ಬಿಡಬೇಕು, ಅದರಿಂದ ಯಾರಿಗೆ ಏನು ಸಲ್ಲಬೇಕು ಎಂಬುದನ್ನು ಗ್ರಾಮಸಭೆ ಆ ಅಂಕಿಗಳನ್ನು ಮುಂದಿಟ್ಟುಕೊಂಡು, ಬೋರ್‌ವೆಲ್ ಇಲ್ಲದವರನ್ನೂ ಕೂರಿಸಿಕೊಂಡು ತೀರ್ಮಾನಿಸಲಿ.